ಕೈತಪ್ಪಿದ ಓಲೆ

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಕಾಯಿಲೆಯಿಂದ ನೆಲಹಿಡಿದವರನ್ನು ಗಾಡಿಯಲ್ಲಿ ಮಲಗಿಸಿ ಪೇಟೆಯ ಡಾಕ್ಟರ ಬಳಿಗೆ ಕಳುಹಿಸುವಾಗ, ಗಾಡಿ ಹೊಡೆಯುವವನಲ್ಲದೆ ಇನ್ನೊಬ್ಬ ಜೊತೆಗೆ ಹೋಗಲೇಬೇಕಾಗಿತ್ತು. ಅವನು ಹತ್ತಿರದ ನೆಂಟನೇ ಆಗಬೇಕೆಂದೇನೂ ಇರಲಿಲ್ಲ. ‘ಹೇಳೋಕೊಬ್ಬ ಬೇಕಲ್ಲಪ್ಪ’ ಎಂದು ಹಿರಿಯರು ಅವನನ್ನು ಆರಿಸುತ್ತಿದ್ದರು. ಜ್ವರ ಎಂದು ಬಂದಿತು, ರೋಗಿ ಏನು ತಿಂದಿದ್ದ, ಯಾವ ಔಷಧ ಕೊಟ್ಟಿದ್ದಾಯಿತು, ಹಿಂದೆ ಎಂದಾದರೂ ಹೀಗಾಗಿತ್ತೆ—ಇಷ್ಟನ್ನು ತಪ್ಪಿಲ್ಲದೆ ಡಾಕ್ಟರಿಗೆ ಒಪ್ಪಿಸಿ ಬರುವುದು ಅವನ ಹೊಣೆ. ರೋಗಿಯ ದೇಹವನ್ನು ಎತ್ತುಗಳು ಸಾಗಿಸುತ್ತಿದ್ದವು. ರೋಗಿಯ ವೃತ್ತಾಂತವನ್ನು ಈ ಮನುಷ್ಯ ಸಾಗಿಸುತ್ತಿದ್ದ. ಎರಡೂ ಒಟ್ಟಿಗೆ ಮುಟ್ಟಿದರೆ ಮಾತ್ರ ರೋಗಿ ಮುಟ್ಟಿದಂತೆ ಎಂಬುದು ಆ ಹಿರಿಯರ ತಿಳಿವಳಿಕೆಯಾಗಿದ್ದಿರಬೇಕು.

ಆ ತಿಳಿವಳಿಕೆಯ ಬೆಲೆ ನನಗೆ ಗೊತ್ತಾದದ್ದು ಎತ್ತಿನ ಗಾಡಿಯ ಕಾಲ ಮುಗಿದು, ಆಂಬುಲೆನ್ಸಿನ ಕೂಗು ನಮ್ಮ ಹೊಲಗಳ ಮೇಲೆ ಹಾಯುವ ಕಾಲ ಬಂದ ಮೇಲೆ.

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ನಾನು ಉಪಾಧ್ಯಾಯ ವೃತ್ತಿಯನ್ನು ಹಿಡಿದು ಚಿತ್ರದುರ್ಗ ಸೇರಿದೆ. ಅಣ್ಣ ಊರಿನಲ್ಲಿಯೇ ಉಳಿದು ತೆಂಗು ಅಡಿಕೆ ನೋಡಿಕೊಂಡಿದ್ದ. ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಮುಂಜಾನೆ, ಹಲ್ಲುಜ್ಜಲೆಂದು ಹಿತ್ತಿಲಿಗೆ ಹೋದವನು ಕುಸಿದು ಕುಳಿತ. ಅತ್ತಿಗೆ ಓಡಿ ಬಂದು ಕೇಳಿದರೆ ಉತ್ತರವಿಲ್ಲ. ತುಟಿ ಅಲುಗುತ್ತದೆ, ಮಾತು ಹೊರಡದು. ನೆರೆಮನೆಯ ಹುಡುಗ 108ಕ್ಕೆ ಕರೆ ಮಾಡಿದ. ಗಾಡಿ ಬಂದಿತು, ಅದರೊಡನೆ ಪೈಲಟ್ ಎಂದು ಕರೆಯುವ ಚಾಲಕನೂ, ಇ. ಎಂ. ಟಿ. ಎಂಬ ಬಿರುದಿನ ಒಬ್ಬ ತರುಣನೂ ಬಂದರು. ತರುಣ ಅಣ್ಣನ ರಕ್ತದೊತ್ತಡ ನೋಡಿದ, ಬೆರಳು ಚುಚ್ಚಿ ಸಕ್ಕರೆ ನೋಡಿದ. ಬಳಿಕ ಅತ್ತಿಗೆಯನ್ನು ಕೇಳಿದ:

‘ಅಮ್ಮಾ, ದಿನಾ ಯಾವ ಮಾತ್ರೆ ತಗೊಳ್ತಿದ್ರು? ಇದ್ರೆ ತಂದು ತೋರಿಸಿ.’

ಅತ್ತಿಗೆ ಎಲೆಯಡಿಕೆ ಚೀಲದಿಂದ ಮಾತ್ರೆಗಳನ್ನು ತೆಗೆದು ಅವನ ಅಂಗೈಗೆ ಸುರಿದಳಂತೆ. ಎಲ್ಲವೂ ಕತ್ತರಿಯಿಂದ ತುಂಡು ಮಾಡಿದ ಪಟ್ಟಿಗಳು. ಹೆಸರಿದ್ದ ಭಾಗ ಅಂಗಡಿಯಲ್ಲಿಯೇ ಉಳಿದಿತ್ತು. ಆದರೂ ಆತ ಒಂದೊಂದನ್ನೂ ಬೆಳಕಿಗೆ ಹಿಡಿದು, ಹಿಂಭಾಗದ ಅರೆಬರೆ ಅಕ್ಷರಗಳನ್ನು ಓದಿ, ತನ್ನ ಹಾಳೆಯ ಮೇಲೆ ಏನನ್ನೋ ಬರೆದುಕೊಂಡ. ಈ ಹಾಳೆಯನ್ನು ವಾಚಕರು ಮರೆಯಬಾರದು; ನನ್ನ ಕಥೆಯೆಲ್ಲ ಅದರ ಸುತ್ತಲೇ ಇದೆ.

ಗಾಡಿ ಅಣ್ಣನನ್ನು ಒಂದು ಆಸ್ಪತ್ರೆಗೆ ಮುಟ್ಟಿಸಿತು. ಯಾವ ಆಸ್ಪತ್ರೆ ಎಂದು ಹೆಸರಿಸುವ ಅಗತ್ಯವಿಲ್ಲ. ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯಬಹುದಾದದ್ದು. ತಲೆಯ ಸ್ಕ್ಯಾನ್ ಮಾಡುವ ಯಂತ್ರ ಅಲ್ಲಿರಲಿಲ್ಲವಾಗಿ, ಅಣ್ಣನನ್ನು ಇನ್ನೊಂದು ಗಾಡಿಯಲ್ಲಿ ಮಲಗಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಗಾಡಿ ಬದಲಾಯಿತು, ಗಾಡಿಯ ಜನ ಬದಲಾದರು. ಆ ತರುಣ ಬರೆದ ಹಾಳೆ ಮೊದಲ ಆಸ್ಪತ್ರೆಯ ಕಡತದಲ್ಲಿಯೇ ಉಳಿಯಿತು. ಅಣ್ಣನ ಜೊತೆಗೆ ಹೊರಟದ್ದು ‘ಪಾರ್ಶ್ವವಾಯು ಇರಬಹುದು, ಮುಂದಿನ ಚಿಕಿತ್ಸೆಗಾಗಿ’ ಎಂಬರ್ಥದ ಒಂದೂವರೆ ಸಾಲಿನ ಚೀಟಿ ಮಾತ್ರ.

ನಾನು ಓಡಿ ಹೋಗಿ ಸೇರಿಕೊಂಡದ್ದು ಆ ಎರಡನೆಯ ಆಸ್ಪತ್ರೆಯ ಬಾಗಿಲಲ್ಲಿ. ವೈದ್ಯರು ಕೇಳಿದ ಪ್ರಶ್ನೆಗಳು ಎರಡೇ. ‘ಮಾತು ನಿಂತದ್ದು ಎಷ್ಟು ಹೊತ್ತಿಗೆ? ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ?’ ಜೊತೆಗೆ ಬಂದಿದ್ದ ನೆರೆಮನೆಯ ಹುಡುಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಒಡಹುಟ್ಟಿದವನ ವಿಷಯದಲ್ಲಿ ಎರಡು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಎರಡು ಪ್ರಶ್ನೆಗಳ ತೂಕ ಎಷ್ಟೆಂಬುದನ್ನು ಅನಂತರ ತಿಳಿದುಕೊಂಡೆ. ಪಾರ್ಶ್ವವಾಯು ಎರಡು ಬಗೆಯದು. ಮಿದುಳಿನ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡರೆ ಒಂದು. ನಾಳ ಒಡೆದು ರಕ್ತ ಸೋರಿದರೆ ಇನ್ನೊಂದು. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎರಡನೆಯದಕ್ಕೆ ಅದೇ ಮದ್ದು ವಿಷಕ್ಕೆ ಸಮಾನ. ರೋಗಿ ರಕ್ತ ತೆಳುವಾಗಿಸುವ ಮಾತ್ರೆಯನ್ನು ನುಂಗುತ್ತಿದ್ದವನಾಗಿದ್ದು, ರಕ್ತವೂ ಸೋರುತ್ತಿದ್ದರೆ, ಆ ಮಾತ್ರೆಯ ಪ್ರಭಾವವನ್ನು ಕೂಡಲೆ ಇಳಿಸಬೇಕು. ಅದಕ್ಕೆ ಬೇರೆಯೇ ಮದ್ದು, ಬೇರೆಯೇ ಸಿದ್ಧತೆ. ಗಳಿಗೆ ಕಳೆದಷ್ಟೂ ಸೋರಿಕೆ ಹರಡುತ್ತದೆ.

ಸ್ಕ್ಯಾನಿನಲ್ಲಿ ರಕ್ತ ಸೋರಿರುವುದು ಕಂಡಿತು. ಮೊದಲ ಆಸ್ಪತ್ರೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅತ್ತಿಗೆಯ ಬಳಿ ಫೋನ್ ಇರಲಿಲ್ಲ. ಪಕ್ಕದ ಮನೆಯವರ ಮೂಲಕ ಕೊನೆಗೂ ಅವಳ ಸ್ವರ ಕೇಳಿಸಿತು.

‘ಯಾವುದೋ ಏನೋ ಕಣಪ್ಪಾ, ಹೆಸರು ನಂಗೇನು ಗೊತ್ತು? ಬಿಳೇದು, ಚಿಕ್ಕದು. ಒಂದಿನ ಇಡೀದು, ಒಂದಿನ ಅರ್ಧ ಮುರಿದು ಕೊಡ್ತಿದ್ದೆ.’

ನಾನು ಆ ಮಾತನ್ನು ಹಾಗೆಯೇ ಒಪ್ಪಿಸಿದೆ. ವೈದ್ಯರು ಒಂದು ಕ್ಷಣ ಯೋಚಿಸಿ, ‘ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಅದನ್ನು ನೋಡಿ ಮಾತ್ರೆ ಹೆಚ್ಚು ಕಡಮೆ ಮಾಡುತ್ತಿದ್ದರೆ, ಕೇಳಿ’ ಎಂದರು. ಹೌದೆಂದು ಉತ್ತರ ಬಂದಿತು. ಆ ಜಾಣರಿಗೆ ಅಷ್ಟು ಸಾಕಾಯಿತು. ಆದರೆ ಅಷ್ಟರಲ್ಲಿ ಮುಕ್ಕಾಲು ಗಂಟೆ ಸಂದಿತ್ತು.

ಅಣ್ಣ ಉಳಿದುಕೊಂಡ. ಬಲಗೈ ಹೋಯಿತು, ಮಾತಿನಲ್ಲಿ ನಾಲ್ಕಾರು ಶಬ್ದಗಳು ಮಾತ್ರ ಹಿಂದಿರುಗಿದವು. ಆ ಮುಕ್ಕಾಲು ಗಂಟೆ ಮಿಕ್ಕಿದ್ದರೆ ಇನ್ನೆಷ್ಟು ಮಾತು ಮಿಗುತ್ತಿತ್ತು ಎಂದು ನಾನು ವೈದ್ಯರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೆಲವು ದಿನಗಳ ಮೇಲೆ ಕಾಗದಪತ್ರಗಳಿಗಾಗಿ ಮೊದಲ ಆಸ್ಪತ್ರೆಗೆ ಹೋದಾಗ, ಕಡತದಲ್ಲಿ ಆ ಹಾಳೆಯನ್ನು ಕಂಡೆ. ಅವಸರದಲ್ಲಿ ಬರೆದದ್ದಾದರೂ ಅಕ್ಷರ ಸ್ಪಷ್ಟವಾಗಿತ್ತು. ಮಾತು ನಿಂತದ್ದು ಆರು ಗಂಟೆ ಹತ್ತು ನಿಮಿಷಕ್ಕೆ. ರಕ್ತ ತೆಳುವಾಗಿಸುವ ಮಾತ್ರೆಯ ಹೆಸರು, ಪ್ರಮಾಣ. ಅದರ ಕೆಳಗೆ ಎರಡು ಗೆರೆ. ಉತ್ತರಪತ್ರಿಕೆಗಳನ್ನು ತಿದ್ದಿ ಸವೆದ ಕಣ್ಣು ನನ್ನದು. ಎರಡು ಗೆರೆ ಎಳೆದವನ ಮನಸ್ಸು ನನಗೆ ತಿಳಿಯುತ್ತದೆ. ಕೇಳಿದ ಎರಡು ಪ್ರಶ್ನೆಗೂ ಉತ್ತರ ಅದರಲ್ಲಿತ್ತು. ಹೇಳುವವನು ಹೇಳಿದ್ದ; ಅವನ ಮಾತು ಕೇಳಬೇಕಾದವರ ಕಿವಿಗೆ ಬೀಳಲಿಲ್ಲ, ಅಷ್ಟೆ.

ಅಂದಿನಿಂದ ನಾನು ಈ ವಿಷಯವಾಗಿ ಕೈಗೆ ಸಿಕ್ಕಿದ್ದನ್ನು ಓದುತ್ತ ಬಂದಿದ್ದೇನೆ. ಆಂಬುಲೆನ್ಸಿನಲ್ಲಿ ಬರೆದದ್ದು ಆಸ್ಪತ್ರೆಗೆ, ಆಸ್ಪತ್ರೆಯಲ್ಲಿ ಬರೆದದ್ದು ಇನ್ನೊಂದು ಆಸ್ಪತ್ರೆಗೆ, ರೋಗಿಗಿಂತ ಮುಂಚೆಯೇ ತಂತಿಯಿಲ್ಲದೆ ಹೋಗಿ ಮುಟ್ಟುವ ವಿದ್ಯುನ್ಮಾನ ದಾಖಲೆಯ ವಿಷಯ ಅದು. ನನ್ನಂಥ ಭಾಷೆಯ ಮೇಷ್ಟರಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಒಬ್ಬನ ಮಾತು ಇನ್ನೊಬ್ಬನಿಗೆ ಕೆಡದೆ ಮುಟ್ಟುವುದು ಹೇಗೆ ಎಂಬುದು ಭಾಷೆಯ ಪ್ರಶ್ನೆಯಲ್ಲದೆ ಮತ್ತೇನು?

ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನ 108 ಸೇವೆ ಮೊದಲಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದಕ್ಕೆ ಮೊದಲು ಹಳ್ಳಿಯ ರೋಗಿಗೆ ಸಿಗುತ್ತಿದ್ದದ್ದು ಬಾಡಿಗೆಯ ವ್ಯಾನು, ಇಲ್ಲವೆ ಯಾರದೋ ಟ್ರ್ಯಾಕ್ಟರು. ಮೂರು ಅಂಕಿಗಳನ್ನು ಒತ್ತಿದರೆ ಗಾಡಿ ಬಾಗಿಲಿಗೆ ಬರುತ್ತದೆಂಬುದು ಸಣ್ಣ ಮಾತಲ್ಲ. ದೇಹವನ್ನು ಸಾಗಿಸುವ ಕಷ್ಟಕ್ಕೆ ಒಂದು ಉತ್ತರ ಹೀಗೆ ದೊರೆಯಿತು. ವೃತ್ತಾಂತವನ್ನು ಸಾಗಿಸುವ ಕಷ್ಟ ಮಾತ್ರ ಉಳಿದುಕೊಂಡಿತು.

ಹಾಗೆಂದು ಈ ವಿದ್ಯೆ ನಮ್ಮ ಹಳ್ಳಿಗಳಿಗೆ ತೀರ ಅಪರಿಚಿತವೂ ಅಲ್ಲ. ಬಸುರಿ ಹೆಂಗಸರ ಕೈಯಲ್ಲಿರುವ ‘ತಾಯಿ ಕಾರ್ಡ್’ ಯಾರಿಗೆ ಗೊತ್ತಿಲ್ಲ? ಆಕೆಯ ರಕ್ತದ ಗುಂಪು, ತೂಕ, ರಕ್ತದೊತ್ತಡ, ಹೆರಿಗೆಯ ನಿರೀಕ್ಷಿತ ದಿನ, ಹಿಂದಿನ ಹೆರಿಗೆಗಳ ವಿವರ—ಇವೆಲ್ಲ ಅದರಲ್ಲಿರುತ್ತವೆ. ನೋವು ಬಂದಾಗ ಆಶಾ ಕಾರ್ಯಕರ್ತೆ ಕೇಳುವ ಮೊದಲ ಮಾತು ‘ಕಾರ್ಡ್ ತಗೊಂಡ್ರಾ?’ ಎಂದು. ಮನೆಯವರು ಬಟ್ಟೆಯ ಗಂಟನ್ನು ಮರೆತರೂ ಕಾರ್ಡನ್ನು ಮರೆಯುವುದಿಲ್ಲ. ಗಾಡಿಯಲ್ಲಿ ಅದನ್ನು ಓದುತ್ತಾರೆ, ಆಸ್ಪತ್ರೆಯಲ್ಲಿ ಓದುತ್ತಾರೆ, ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆ ಅಲ್ಲಿಯೂ ಓದುತ್ತಾರೆ. ಆಕೆ ಪ್ರಜ್ಞೆ ತಪ್ಪಿದರೂ ಕಾರ್ಡ್ ಮಾತನಾಡುತ್ತದೆ. ಬಸುರಿಗೆ ಇರುವ ಈ ಸೌಲಭ್ಯ ಎಪ್ಪತ್ತು ದಾಟಿದ ಮುದುಕನಿಗೆ ಏಕಿಲ್ಲ ಎಂಬುದೇ ನನ್ನ ಮೊದಲ ಪ್ರಶ್ನೆ.

ರೋಗಿಗಿಂತ ಮೊದಲು ಅವನ ಲಕ್ಷಣ ವೈದ್ಯನನ್ನು ತಲುಪಬೇಕೆಂಬ ಯೋಚನೆ ನೂರು ವರ್ಷಕ್ಕೂ ಹಳೆಯದು. ಹಾಲೆಂಡಿನ ಲೈಡನ್ ನಗರದಲ್ಲಿ ವಿಲೆಮ್ ಐಂತೋವೆನ್ ಎಂಬ ವಿಜ್ಞಾನಿ ಹೃದಯದ ವಿದ್ಯುತ್ ಸ್ಪಂದನವನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ನಿರ್ಮಿಸಿದ. ಅದರ ತೂಕ ಸುಮಾರು 270 ಕಿಲೋಗ್ರಾಂ. ನಡೆಸಲು ಐವರು ಬೇಕು. ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ರೋಗಿಗಳನ್ನು ಅದರ ಬಳಿಗೆ ತರುವುದೂ ಸುಲಭವಲ್ಲ. ಆತ 1905ರಲ್ಲಿ ಆಸ್ಪತ್ರೆಗೂ ತನ್ನ ಪ್ರಯೋಗಶಾಲೆಗೂ ನಡುವೆ ದೂರವಾಣಿಯ ತಂತಿಯನ್ನು ಬಳಸಿ, ಒಂದೂವರೆ ಕಿಲೋಮೀಟರ್ ಆಚೆ ಮಲಗಿದ್ದವನ ಹೃದಯದ ಬಡಿತವನ್ನು ತನ್ನ ಮೇಜಿನ ಮೇಲೆ ಬರೆಯಿಸಿಕೊಂಡ. ಆತನಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1967ರಲ್ಲಿ ಅಮೆರಿಕದ ಮಯಾಮಿಯಲ್ಲಿ ವೈದ್ಯ ಯೂಜೀನ್ ನೇಗಲ್ ಅದೇ ಗೆರೆಯನ್ನು ರೇಡಿಯೋ ಮೂಲಕ ರಕ್ಷಣಾ ದಳದವರಿಂದ ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಮಾಡಿದ.

ಆ ಗೆರೆಯೇ ಇಂದು ಕನ್ನಡ ನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಓಡುತ್ತಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ನಲವತ್ತಾರು ವರ್ಷ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ, ಎದೆನೋವೆಂದು ಬಂದವನ ಹೃದಯದ ಗೆರೆಯನ್ನು ಸ್ಥಳೀಯ ಆಸ್ಪತ್ರೆಯಲ್ಲಿ ತೆಗೆದು ದೂರದ ತಜ್ಞರಿಗೆ ಕಳುಹಿಸುತ್ತಾರೆ. ಕೆಲವು ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತವೇ ಆಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಅನಂತರ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಒಂದು ಗೆರೆ ರೋಗಿಗಿಂತ ಮುಂದೆ ಓಡಬಲ್ಲುದಾದರೆ, ಎರಡು ಸಾಲಿನ ಬರಹ ಏಕೆ ಓಡಬಾರದು?

ಓಡದಿರುವುದಕ್ಕೆ ಕಾರಣಗಳಿವೆ. ಮೊದಲನೆಯದು, ಒಂದೊಂದು ಆಸ್ಪತ್ರೆಯೂ ತನ್ನದೇ ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡಿರುವುದು. ಒಬ್ಬರು ಔಷಧದ ರಾಸಾಯನಿಕ ಹೆಸರನ್ನು ಬರೆಯುತ್ತಾರೆ, ಇನ್ನೊಬ್ಬರು ಅಂಗಡಿಯ ಹೆಸರನ್ನು. ಮನುಷ್ಯ ಇದನ್ನು ಊಹಿಸಿ ಓದಿಯಾನು. ಯಂತ್ರಕ್ಕೆ ಊಹೆ ಒಗ್ಗದು. ಎಲ್ಲ ಯಂತ್ರಗಳಿಗೂ ಒಂದೇ ನಿಘಂಟು, ಒಂದೇ ವ್ಯಾಕರಣ ಬೇಕು. ಇದಕ್ಕಾಗಿಯೇ ಕೇಂದ್ರ ಸರ್ಕಾರ 2013ರಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳನ್ನು ಪ್ರಕಟಿಸಿ, 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ‘ಆಭಾ’ ಎಂಬ ಹದಿನಾಲ್ಕು ಅಂಕಿಗಳ ಸಂಖ್ಯೆ ಅದರ ಬೀಗದ ಕೈ. ದಾಖಲೆಗಳೆಲ್ಲ ಒಂದೇ ಉಗ್ರಾಣ ಸೇರುವುದಿಲ್ಲ. ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರುತ್ತವೆ. ರೋಗಿ ಒಪ್ಪಿದಾಗ ಇನ್ನೊಂದು ಕಡೆಯವರು ನೋಡಬಹುದು. ಯೋಜನೆಯ ಕಟ್ಟು ಸೊಗಸಾಗಿದೆ.

ಆದರೆ ಆಂಬುಲೆನ್ಸಿನ ಪಾಡು ಬೇರೆ. ಆಸ್ಪತ್ರೆಯ ಕಿಟಕಿಯ ಮುಂದೆ ನಿಂತವನು ತನ್ನ ಹೆಸರು ಹೇಳುತ್ತಾನೆ, ಸಂಖ್ಯೆ ತೋರಿಸುತ್ತಾನೆ. ರಸ್ತೆಯ ಬದಿಯಲ್ಲಿ ಬಿದ್ದವನಿಗೆ ಹೆಸರೇ ಇರುವುದಿಲ್ಲ. ಹದಿನಾಲ್ಕು ಅಂಕಿಗಳನ್ನು ಯಾರು ಹೇಳಬೇಕು? ಆದುದರಿಂದ ಗಾಡಿಯ ದಾಖಲೆ ಮೊದಲು ಆ ಕರೆಯ ಸಂಖ್ಯೆಯ ಮೇಲೆ ಹುಟ್ಟಿ, ಗುರುತು ಸಿಕ್ಕ ಮೇಲೆ ಮನುಷ್ಯನ ಹೆಸರಿಗೆ ಸೇರುವಂತಿರಬೇಕು. ಎರಡನೆಯದಾಗಿ, ನಮ್ಮ ಕಡೆಯ ದಾರಿಗಳಲ್ಲಿ ಫೋನಿನ ಸಂಪರ್ಕ ಗುಡ್ಡ ಅಡ್ಡ ಬಂದರೆ ಕಡಿಯುತ್ತದೆ. ಬರೆದದ್ದನ್ನು ಯಂತ್ರ ತನ್ನೊಳಗೆ ಹಿಡಿದಿಟ್ಟುಕೊಂಡು, ಸಂಪರ್ಕ ಸಿಕ್ಕೊಡನೆ ತಾನಾಗಿ ಕಳುಹಿಸಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ಓದುವವನೊಬ್ಬನಿರಬೇಕು. ತೆರೆಯ ಮೇಲೆ ಬೆಳಗುತ್ತಿರುವ ಅಕ್ಷರವನ್ನು ಯಾರೂ ನೋಡದಿದ್ದರೆ ಅದಕ್ಕೂ ಕಡತದಲ್ಲಿ ಮಡಿಚಿಟ್ಟ ಹಾಳೆಗೂ ವ್ಯತ್ಯಾಸವೇನು?

ಇವೆಲ್ಲ ಆಗದ ಮಾತುಗಳೇನೂ ಅಲ್ಲ. ಎಸ್ಟೋನಿಯ ಎಂಬ ಸಣ್ಣ ದೇಶದಲ್ಲಿ 2008ರಿಂದ, ಅಂದರೆ ನಮ್ಮ 108 ಹುಟ್ಟಿದ ವರ್ಷದಿಂದಲೇ, ದೇಶಕ್ಕೆಲ್ಲ ಒಂದು ಆರೋಗ್ಯ ಮಾಹಿತಿ ವ್ಯವಸ್ಥೆಯಿದೆ. ಅಲ್ಲಿಯ ಆಂಬುಲೆನ್ಸಿನವರು ರೋಗಿಯ ಗುರುತಿನ ಸಂಖ್ಯೆಯಿಂದ ಅವನ ಅಲರ್ಜಿ, ನಡೆಯುತ್ತಿರುವ ಔಷಧಗಳನ್ನು ದಾರಿಯಲ್ಲಿಯೇ ನೋಡಬಲ್ಲರು. ಆ ದೇಶದ ಜನಸಂಖ್ಯೆ ಸುಮಾರು 13.5 ಲಕ್ಷ, 2011ರ ಜನಗಣತಿಯಂತೆ ನಮ್ಮ ಚಿತ್ರದುರ್ಗ ಜಿಲ್ಲೆಯೊಂದರಲ್ಲಿಯೇ ಸುಮಾರು 16.6 ಲಕ್ಷ ಜನರಿದ್ದರು. ಒಂದು ದೇಶ ಮಾಡಿದ್ದನ್ನು ಅದಕ್ಕಿಂತ ಸ್ವಲ್ಪ ದೊಡ್ಡದಾದ ಜಿಲ್ಲೆಯೊಂದು ಮಾಡಿ ನೋಡಬಾರದೆ? ಇಂಗ್ಲೆಂಡಿನಲ್ಲಿ ತುರ್ತಿನ ಹೊತ್ತಿಗೆಂದು ತೆರೆದಿಡುವ ಸಾರಾಂಶ ದಾಖಲೆಯ ತಿರುಳು ಮೂರೇ ಅಂಶ: ರೋಗಿ ತೆಗೆದುಕೊಳ್ಳುವ ಔಷಧ, ಅವನಿಗೆ ಒಗ್ಗದ ವಸ್ತು, ಹಿಂದೆ ಯಾವುದಾದರೂ ಔಷಧದಿಂದ ಆದ ಕೇಡು. ಗಳಿಗೆಯಲ್ಲಿ ಬೇಕಾಗುವುದು ಮಹಾಭಾರತವಲ್ಲ, ಒಂದು ಓಲೆ.

ಇಲ್ಲಿ ಆಕ್ಷೇಪಣೆಗಳೂ ಇವೆ; ಅವನ್ನು ಹಗುರವಾಗಿ ತಳ್ಳಿಹಾಕಲಾಗದು. ಯಂತ್ರ ಕೈಕೊಡುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ 108ರ ಕರೆ ಸ್ವೀಕರಿಸುವ ವ್ಯವಸ್ಥೆಯೇ ಕೆಟ್ಟು, ಸಿಬ್ಬಂದಿ ಯಂತ್ರದ ನೆರವಿಲ್ಲದೆ ಕರೆಗಳನ್ನು ನಿಭಾಯಿಸಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳ ಮೇಲೆ ಕಳ್ಳರ ದಾಳಿ ನಡೆದು ದಿನಗಟ್ಟಲೆ ಕೆಲಸವೆಲ್ಲ ಕಾಗದದ ಮೇಲೆ ನಡೆಯಿತು. 2023ರ ಜುಲೈಯಲ್ಲಿ ಇಂಗ್ಲೆಂಡಿನ ಎರಡು ಆಂಬುಲೆನ್ಸ್ ಸಂಸ್ಥೆಗಳಿಗೆ ದಾಖಲೆಯ ವ್ಯವಸ್ಥೆ ಒದಗಿಸುತ್ತಿದ್ದ ಕಂಪೆನಿಯ ಮೇಲೆ ಇಂಥದೇ ದಾಳಿಯಾಗಿ, ಅವರೂ ಲೇಖನಿ ಹಿಡಿದರು. ಆದುದರಿಂದ ಕಾಗದದಲ್ಲಿ ಬರೆಯುವ ಅಭ್ಯಾಸವನ್ನು ಬಿಡಕೂಡದು. ಎರಡು ಗೆರೆ ಎಳೆಯುವ ಅಭ್ಯಾಸವನ್ನಂತೂ ಬಿಡಲೇಕೂಡದು.

ಇನ್ನೊಂದು ಆಕ್ಷೇಪಣೆ ಗುಟ್ಟಿನದು. ರೋಗದ ವಿಷಯ ಮನುಷ್ಯನ ಮಾನದ ವಿಷಯ. ಎಚ್ಚರ ತಪ್ಪಿದವನು ಒಪ್ಪಿಗೆ ಕೊಡುವುದೆಂತು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಏಳನೆಯ ಪ್ರಕರಣ, ಪ್ರಾಣಕ್ಕೆ ಅಪಾಯವಿರುವ ವೈದ್ಯಕೀಯ ತುರ್ತಿನಲ್ಲಿ ಒಪ್ಪಿಗೆಗೆ ಕಾಯದೆ ಮಾಹಿತಿಯನ್ನು ಬಳಸಲು ಎಡೆಕೊಟ್ಟಿದೆ. ಕಾಯಿದೆ ಬಾಗಿಲು ತೆರೆದ ಮಾತ್ರಕ್ಕೆ ಮನೆಯನ್ನೆಲ್ಲ ತೆರೆಯಬೇಕೆ? ಇದಕ್ಕೆ ಉತ್ತರ ನನಗೆ ಕಾಯಿದೆಯಿಂದ ಸಿಗಲಿಲ್ಲ, ಅಣ್ಣನಿಂದ ಸಿಕ್ಕಿತು.

ಅಣ್ಣ ಮನೆಗೆ ಬಂದ ಮೇಲೆ ನಾನೊಂದು ಕೆಲಸ ಮಾಡಿದೆ. ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಅವನ ಕಾಯಿಲೆಗಳನ್ನೂ ಔಷಧಗಳನ್ನೂ ಕ್ರಮವಾಗಿ ಬರೆದೆ. ಮೇಷ್ಟರ ಚಟ, ಒಂದನ್ನೂ ಬಿಡಲಿಲ್ಲ. ಪ್ರಾಯದಲ್ಲಿ ಅವನು ಒಮ್ಮೆ ಮನಸ್ಸು ಕೆಟ್ಟು ಕೆಲವು ತಿಂಗಳು ಚಿಕಿತ್ಸೆ ಪಡೆದದ್ದನ್ನೂ ಬರೆದೆ. ಊರಿನಲ್ಲಿ ಅದು ಯಾರಿಗೂ ತಿಳಿಯದು. ಅಣ್ಣನ ಮುಂದೆ ಹಿಡಿದೆ. ಅವನು ನಿಧಾನವಾಗಿ ಓದಿ, ಎಡಗೈಯ ಬೆರಳನ್ನು ಆ ಸಾಲಿನ ಮೇಲಿಟ್ಟು ಉಜ್ಜಿದ, ಅಳಿಸುವವನಂತೆ ಉಜ್ಜಿದ. ಕಣ್ಣಿನಲ್ಲಿ ನೀರಿತ್ತು. ‘ಬ್ಯಾಡ’ ಎಂದ. ಅವನಿಗೆ ಹಿಂದಿರುಗಿದ್ದ ನಾಲ್ಕಾರು ಶಬ್ದಗಳಲ್ಲಿ ಅದೂ ಒಂದಾಗಿತ್ತು.

ನನಗೆ ನಾಚಿಕೆಯಾಯಿತು. ಆ ಸಾಲಿನಿಂದ ಯಾವ ಗಾಡಿಯವನಿಗೂ, ಯಾವ ತುರ್ತು ವೈದ್ಯನಿಗೂ ಉಪಯೋಗವಿರಲಿಲ್ಲ. ಹಳೆಯ ಕಾಲದ ‘ಹೇಳುವವನು’ ಏನು ಹೇಳಬೇಕೆಂಬುದರ ಜೊತೆಗೆ ಏನು ಹೇಳಬಾರದೆಂಬುದನ್ನೂ ಬಲ್ಲವನಾಗಿದ್ದ. ಯಂತ್ರಕ್ಕೆ ಆ ಎರಡನೆಯ ವಿದ್ಯೆಯನ್ನು ನಾವೇ ಕಲಿಸಬೇಕು. ಯಾರು ಯಾವಾಗ ನೋಡಿದರೆಂಬುದನ್ನು ಬರೆದಿಡುವಂತೆಯೂ ಕಲಿಸಬೇಕು. ನಾನು ಹೊಸ ಕಾಗದ ತೆಗೆದುಕೊಂಡು ನಾಲ್ಕು ಸಾಲು ಬರೆದೆ: ಹೆಸರು, ವಯಸ್ಸು, ಹೃದಯದ ಬಡಿತದ ಕಾಯಿಲೆಯೂ, ಮಿದುಳಿನಲ್ಲಿ ರಕ್ತ ಸೋರಿದ ದಿನವೂ, ಈಗಿನ ಔಷಧಗಳು, ಫೋನ್ ಮಾಡಬೇಕಾದವರು. ಅಣ್ಣ ಓದಿ ತಲೆದೂಗಿದ. ಅತ್ತಿಗೆ ಅದನ್ನು ಅಂಗಡಿಯ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮಾತ್ರೆಯ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದಳು. ಈಗ ಮಾತ್ರೆಗಳನ್ನು ಹೆಸರಿರುವ ಪೂರ್ತಿ ಪಟ್ಟಿಯಾಗಿಯೇ ತರಿಸುತ್ತಾಳೆ.

ಈ ಡಬ್ಬಿಯ ಮುಚ್ಚಳ ಒಂದು ರಾಜ್ಯದ ವ್ಯವಸ್ಥೆಯಾಗಲಾರದೆಂಬುದು ನನಗೆ ಗೊತ್ತು. ಅದು ಮನೆಯಲ್ಲಿರುತ್ತದೆ, ಅಣ್ಣ ಸಂತೆಯಲ್ಲಿ ಬಿದ್ದರೆ ಅದು ಅವನ ಬಳಿಗೆ ನಡೆದು ಬರಲಾರದು. ಅದಕ್ಕಾಗಿಯೇ ಗಾಡಿಯ ತರುಣ ಬರೆದ ಹಾಳೆ ಗಾಡಿ ನಿಂತಲ್ಲಿಗೇ ನಿಲ್ಲದೆ ರೋಗಿ ಹೋದಲ್ಲಿಗೆಲ್ಲ ಹೋಗುವಂತಾಗಬೇಕು. ‘ಹೇಳುವವರು ಕೇಳುವವರು ಇಲ್ಲ’ ಎಂದು ದಿಕ್ಕಿಲ್ಲದವನ ಸ್ಥಿತಿಯನ್ನು ನಮ್ಮ ಜನ ವರ್ಣಿಸುತ್ತಾರೆ. ಆ ದಿನ ನನ್ನ ಅಣ್ಣನಿಗೆ ಹೇಳುವವನಿದ್ದ, ಕೇಳುವವರೂ ಇದ್ದರು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಅವರಿಬ್ಬರ ನಡುವೆ ಒಂದು ಹಾಳೆಯನ್ನು ದಾಟಿಸುವುದಷ್ಟೇ ಬಾಕಿಯಿತ್ತು.